ಹೊಸ ವೈಫೈ ಡಬ್ಬ ಬಂದ್ಮೇಲೆ ಅಮ್ಮನ ಸ್ಪೀಕರ್ ಪೇರೇ ಆಗ್ತಿಲ್ಲ, ಗೊತ್ತಿರೋರು ಹೇಳಿ

ಕ್ಯಾತ್ಸಂದ್ರ_ತಟ್ಟೆಇಡ್ಲಿ:

ಎಲ್ರಿಗೂ ನಮಸ್ಕಾರ. ನಮ್ದು ತುಮಕೂರು ಪಕ್ಕ ಕ್ಯಾತ್ಸಂದ್ರ. ಸಮಸ್ಯೆ ನಮ್ಮಮ್ಮಂದು, ಬೈಸ್ಕೊಳ್ತಿರೋದು ನಾನು.

ಮೂರ್ ವರ್ಷದ ಹಿಂದೆ ಅಮ್ಮಂಗೆ ಒಂದು ಸ್ಮಾರ್ಟ್ ಸ್ಪೀಕರ್ ತಂದ್ಕೊಟ್ಟಿದ್ದೆ, ಕಂಪ್ನಿ ಹೆಸ್ರು ಬೇಡ ಬಿಡಿ, ತೆಂಗಿನಕಾಯಿ ಗಾತ್ರ ಇರ್ತದಲ್ಲ ಅದು. ಮೊದ್ಲು "ಸುಮ್ನೆ ದುಡ್ಡು ದಂಡ ಮಾಡ್ಕೊಂಡ್ ಬಂದೆ" ಅಂದೋರು ಈಗ ಬೆಳಿಗ್ಗೆ ಐದಕ್ಕೆ ಅದ್ರಲ್ಲಿ ವಚನ ಶುರುವಾಗ್ದಿದ್ರೆ ಬಾಗ್ಲಿಗೆ ನೀರೇ ಹಾಕಲ್ಲ. ಇಂಗ್ಲೀಷ್ ಬರಲ್ಲ, ಆದ್ರೆ ಪ್ಲೇ, ಸ್ಟಾಪು, ವಾಲ್ಯೂಮ್ ಡೌನು ಇಷ್ಟನ್ನ ಅದಕ್ಕೆ ಅರ್ಥ ಆಗೋ ಥರ ಹೇಳೋದು ಕಲ್ತ್ಕೊಂಡವ್ರೆ. ನಾನ್ ಹೇಳಿದ್ರೆ ಎರಡ್ ಸಲ ಕೇಳ್ತದೆ, ಅವ್ರು ಹೇಳಿದ್ರೆ ಒಂದೇ ಸಲಕ್ಕೆ.

ಹೋದ್ ವಾರ ಗುಡುಗು ಮಳೆ ಬಂತಲ್ಲ, ಅವತ್ತು ಹಳೇ ರೂಟರ್ ಢಂ ಅಂತು, ಸುಟ್ಟ ವಾಸ್ನೆ ಬಂತು, ಕತೆ ಮುಗೀತು. ಎರಡ್ ದಿನ ಬಿಟ್ಟು ಫೈಬರ್ ಹುಡ್ಗ ಬಂದು ಹೊಸ ಡಬ್ಬ ಕೂರಿಸಿ ಹೋದ. ಹೆಸ್ರು ಏನಿಡ್ಲಿ ಸಾರ್ ಅಂದ, ನಾನೇ ಫೋನ್ ಇಸ್ಕೊಂಡು "ಅಮ್ಮನ ಮನೆ" ಅಂತ ಟೈಪ್ ಮಾಡ್ಕೊಟ್ಟೆ, ಪಾಸ್‌ವರ್ಡೂ ನಂದೇ. ನನ್ ಫೋನು, ಹೆಂಡ್ತಿ ಫೋನು, ಲ್ಯಾಪ್‌ಟಾಪು ಎಲ್ಲ ಬೆಣ್ಣೆ ಥರ ಓಡ್ತಾವೆ. ಸ್ಪೀಕರ್ ಮಾತ್ರ ಜಪ್ಪಯ್ಯ ಅಂದ್ರೂ ಬರ್ತಿಲ್ಲ.

ಏನಾಗ್ತದೆ ಅಂದ್ರೆ, ಬಟನ್ ಒತ್ತಿ ಹಿಡ್ಕೊಂಡ್ರೆ ಕಿತ್ತಳೆ ಬಣ್ಣದ ಲೈಟು ಸುತ್ತಕ್ಕೆ ಶುರು ಮಾಡ್ತದೆ, ಆ್ಯಪಲ್ಲಿ ಸ್ಪೀಕರ್ ಕಾಣಿಸ್ತದೆ, ವೈಫೈ ಆರಿಸ್ಕೊಂಡು ಪಾಸ್‌ವರ್ಡ್ ಹಾಕ್ತೀನಿ, "ಕನೆಕ್ಟ್ ಆಗ್ತಿದೆ" ಅಂತ ಗಿರಗಿರ ಸುತ್ತಿ ಸುತ್ತಿ ಕೊನೆಗೆ ಆಗ್ಲಿಲ್ಲ ಮತ್ತೆ ಟ್ರೈ ಮಾಡಿ ಅಂತದೆ. ಹತ್ತ್ ಸಲ ಪಾಸ್‌ವರ್ಡ್ ಹಾಕಿದೀನಿ, ಹೆಂಡ್ತಿ ಕೈಲೂ ಹಾಕ್ಸಿದೀನಿ, ಆ್ಯಪ್ ಕಿತ್ತು ಮತ್ತೆ ಹಾಕಿದೀನಿ, ಪ್ಲಗ್ ಕಿತ್ತು ರಾತ್ರಿಯೆಲ್ಲ ಬಿಟ್ಟು ನೋಡಿದೀನಿ.

ಸರಿ ಬರೀ ಬ್ಲೂಟೂತಲ್ಲಾದ್ರೂ ವಚನ ಹಾಕಣ ಅಂತ ನನ್ ಫೋನಿಗೆ ಪೇರ್ ಮಾಡಿದ್ರೆ ಸ್ವಲ್ಪ ಹೊತ್ತು ಬರ್ತದೆ, ಆಮೇಲೆ ಕಟ್ಟು. ನಿನ್ನೆ ಅಂತೂ ಅಮ್ಮ ಪೂಜೆಗೆ ಕೂತಿದ್ದಾಗ ಅಲ್ಲಮಪ್ರಭು ವಚನದ ಮಧ್ಯ ಕಟ್ಟಾಗಿ ಯಾವ್ದೋ ಡಿಜೆ ಹಾಡು ಶುರುವಾಯ್ತು, ಅದೂ ಫುಲ್ ಸೌಂಡಲ್ಲಿ. ಅಮ್ಮ ಗಂಟೆ ಕೆಳಗಿಟ್ಟು ನನ್ ಕಡೆ ನೋಡಿದ ನೋಟ ನಾನು ಮರೆಯಲ್ಲ.

ಸ್ಪೀಕರ್ರೂ ಸಿಡಿಲಿಗೆ ಹೋಗೈತಾ? ಹೊಸದು ತಗೊಳೋದಾ? ಅಥ್ವಾ ಏನಾದ್ರೂ ದಾರಿ ಇದೆಯಾ?


ಗೌರಿಬಿದನೂರು_ಗೌಡ:

ಫ್ಯಾಕ್ಟರಿ ರೀಸೆಟ್ ಹೊಡಿ ಗುರು. ಎಲ್ಲ ಸರಿ ಹೋಗ್ತದೆ. ನಂದೂ ಹಂಗೇ ಆಗಿತ್ತು.


ಮಾಲೂರು_ಮೊಬೈಲ್‌ರಿಪೇರಿ:

ಅಣ್ಣ ದಯವಿಟ್ಟು ರೀಸೆಟ್ ಮಾತ್ರ ಇವಾಗ್ಲೇ ಹೊಡೀಬೇಡಿ. ನಮ್ ಅಂಗ್ಡಿಗೆ ಬರೋ ಸ್ಪೀಕರ್ ಕೇಸಲ್ಲಿ ಅರ್ಧಕ್ಕರ್ಧ ಜನ ರೀಸೆಟ್ ಹೊಡ್ಕೊಂಡೇ ಬರೋದು, ರೀಸೆಟ್ ಹೊಡೆದ್ರೆ ಅದ್ರ ತಲೇಲಿದ್ದ ಹಳೇ ವೈಫೈ, ಅಲಾರಂ, ಎಲ್ಲ ಒರೆಸ್ಕೊಂಡು ಹೋಗ್ತದೆ, ಮೂಲ ಸಮಸ್ಯೆ ಬೇರೆ ಕಡೆ ಇದ್ರೆ ಅದು ಹಂಗೇ ಕೂತಿರ್ತದೆ. ಅದು ಕೊನೇ ಔಷಧಿ, ಮೊದಲ್ನೇದಲ್ಲ.

ಮೊದ್ಲು ಒಂದ್ ವಿಷ್ಯ ತಿಳ್ಕೊಳಿ, ನೀವು ಎರಡ್ ಬೇರೆ ಬೇರೆ ಸಮಸ್ಯೆನ ಒಂದೇ ಗಂಟು ಕಟ್ಟಿದೀರ. ಪೇರ್ ಆಗೋದು ಬ್ಲೂಟೂತ್ ಕೆಲ್ಸ. ವೈಫೈಗೆ ಸೇರೋದು ಬೇರೆ ಕೆಲ್ಸ. ಸೆಟಪ್ ಟೈಮಲ್ಲಿ ಬ್ಲೂಟೂತು ನಮ್ ಕೋಲಾರ ಟೊಮೇಟೊ ಮಂಡಿ ದಲ್ಲಾಳಿ ಇದ್ದಂಗೆ, ನಿಮ್ ಫೋನಿಂದ ವೈಫೈ ಹೆಸ್ರು ಪಾಸ್‌ವರ್ಡು ಇಸ್ಕೊಂಡು ಸ್ಪೀಕರ್ ಕಿವೀಲಿ ಹೇಳಿ ಪಕ್ಕಕ್ಕೆ ನಿಂತ್ಕೊಳ್ತದೆ, ಆಮೇಲೆ ವ್ಯಾಪಾರ ಸ್ಪೀಕರ್ರಿಗೂ ರೂಟರ್ರಿಗೂ. ಕೆಲವು ಮಾಡಲ್ಲಲ್ಲಿ ಬ್ಲೂಟೂತ್ ಬದ್ಲು ಸ್ಪೀಕರ್ರೇ ಒಂದು ಟೆಂಪರರಿ ವೈಫೈ ಬಿಡ್ತದೆ, ಫೋನು ಅದಕ್ಕೆ ಹತ್ಕೊಬೇಕು. ಅದ್ರಲ್ಲಿ ಇಂಟರ್ನೆಟ್ ಇರಲ್ವಲ್ಲ, ಫೋನು ಬುದ್ಧಿವಂತಿಕೆ ತೋರ್ಸಿ ಮೊಬೈಲ್ ಡೇಟಾಗೆ ಜಾರ್ಕೊಂಡ್ಬಿಡ್ತದೆ, ಅದಕ್ಕೇ ಸೆಟಪ್ ಟೈಮಲ್ಲಿ ಡೇಟಾ ಆಫ್ ಮಾಡಿ, ವಿಪಿಎನ್ ಇದ್ರೆ ಅದನ್ನೂ ಆಫ್ ಮಾಡಿ ಅನ್ನೋದು.

ಎಲ್ಲಿ ಸಿಕ್ಕಾಕೊಳ್ತದೆ ಅಂತ ನೋಡಿದ್ರೆ ಯಾರ್ದು ತಪ್ಪು ಅಂತ ಗೊತ್ತಾಗ್ತದೆ. ಆ್ಯಪಲ್ಲಿ ಸ್ಪೀಕರ್ ಕಾಣಿಸ್ಲೇ ಇಲ್ಲ ಅಂದ್ರೆ ಫೋನ್ ಕಡೆ ನೋಡ್ಬೇಕು, ಆಂಡ್ರಾಯ್ಡಲ್ಲಿ ಲೊಕೇಶನ್ ಆಫ್ ಇದ್ರೆ ಎಷ್ಟೋ ಸಲ ಹುಡುಕೋದೇ ಇಲ್ಲ, ಆಂಡ್ರಾಯ್ಡ್ 12 ಮೇಲಿನ ಫೋನಲ್ಲಿ ಹತ್ತಿರದ ಡಿವೈಸ್ ಅಂತ ಬೇರೆ ಪರ್ಮಿಶನ್ ಕೇಳ್ತದೆ, ಜನ ಓದ್ದೆ ಬೇಡ ಅಂತ ಒತ್ತಿರ್ತಾರೆ. ನಿಮ್ಮದ್ರಲ್ಲಿ ಕಾಣಿಸ್ತಿದೆ, ಪಾಸ್‌ವರ್ಡೂ ತಗೊಳ್ತಿದೆ, ಅಂದ್ರೆ ದಲ್ಲಾಳಿ ಕೆಲ್ಸ ಸರಿಯಾಗೈತೆ. ಜಗಳ ರೂಟರ್ ಹತ್ರ.

ಗ್ಯಾರಂಟಿ ಮಾಡ್ಕೊಳಕ್ಕೆ ಒಂದ್ ಕೆಲ್ಸ ಮಾಡಿ. ಅಕ್ಕನ ಫೋನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ, ಸೆಟ್ಟಿಂಗಲ್ಲಿ ಬ್ಯಾಂಡ್ (ವೈಫೈ ಅಲೆ ಓಡೋ ದಾರಿ) 2.4 ಗಿಗಾಹರ್ಟ್ಸ್ ಅಂತ ಇಡಿ. ಐಫೋನಾದ್ರೆ ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ ಅಂತ ಇರ್ತದೆ ಅದನ್ನ ಆನ್ ಮಾಡಿ. ನಿಮ್ ಫೋನಲ್ಲಿ ಆ್ಯಪ್ ತೆಗ್ದು ಸ್ಪೀಕರ್ನ ಆ ಹಾಟ್‌ಸ್ಪಾಟಿಗೆ ಸೇರ್ಸಿ. ಸೇರ್ಕೊಂಡ್ರೆ ಸ್ಪೀಕರ್ ಗಟ್ಟಿಮುಟ್ಟಾಗೈತೆ ಅಂತ ಅರ್ಥ, ಹೊಸದು ತಗೊಳೋ ಮಾತು ಬಿಟ್ಬಿಡಿ.

ಇನ್ನೊಂದು, ಹಚ್ಚಿರೋದು ಸ್ಪೀಕರ್ ಜೊತೆ ಬಂದ ಅಡಾಪ್ಟರೇನಾ? ಟೇಕಲ್ ಕಡೆಯೋರೊಬ್ರು ಪೇರ್ ನಿಲ್ತಿಲ್ಲ ಅಂತ ತಂದಿದ್ರು, ನೋಡಿದ್ರೆ 15 ವ್ಯಾಟ್ ಬೇಕಾದ ಜಾಗಕ್ಕೆ ಹಳೇ ಫೋನಿನ 5 ವೋಲ್ಟ್ 1 ಆಂಪಿಯರ್ ಚಾರ್ಜರ್ ಹಾಕಿದ್ರು, ಲೆಕ್ಕ ಹಾಕಿದ್ರೆ 5 ವ್ಯಾಟು. ಸೌಂಡ್ ಜಾಸ್ತಿ ಮಾಡಿದ ತಕ್ಷಣ ಸ್ಪೀಕರ್ ಉಸಿರುಗಟ್ಟಿ ರೀಸ್ಟಾರ್ಟ್ ಆಗೋದು.


ಕ್ಯಾತ್ಸಂದ್ರ_ತಟ್ಟೆಇಡ್ಲಿ:

ಅಣ್ಣಾ ಸೇರ್ಕೊಂಡ್ತು!! ಹೆಂಡ್ತಿ ಹಾಟ್‌ಸ್ಪಾಟಿಗೆ ಒಂದೇ ಸಲಕ್ಕೆ. ಅಮ್ಮ ಬಂದು "ಸರಿ ಹೋಯ್ತಾ" ಅಂದ್ರು, ಹ್ಞೂಂ ಅಂದೆ, ಹಾಡ್ ಕೇಳಿದ್ರು, ಆಮೇಲೆ ಹೆಂಡ್ತಿ ಫೋನ್ ಎತ್ಕೊಂಡು ಸ್ಕೂಲಿಗೆ ಹೋದ್ಲು (ಟೀಚರ್ರು), ಸ್ಪೀಕರ್ ಮತ್ತೆ ಮೂಗಾಯ್ತು. ಅಡಾಪ್ಟರ್ ಅದ್ರದ್ದೇ.

ಸೋ ರೂಟರ್ದೇ ತಪ್ಪು ಅಂತಾಯ್ತು. ಆದ್ರೆ ಫೈಬರ್ ಹುಡ್ಗಂಗೆ ಫೋನ್ ಮಾಡಿದ್ರೆ "ನಿಮ್ ಫೋನಲ್ಲಿ ಬರ್ತಿದೆ ಅಲ್ವಾ ಸಾರ್, ನಮ್ ಕಡೆಯಿಂದ ಎಲ್ಲ ಸರಿ ಇದೆ" ಅಂತ ಇಟ್ಬಿಟ್ಟ. ಈಗ ಡಬ್ಬ ಒಳಗೆ ಏನ್ ನೋಡ್ಬೇಕು?


ಶಿಡ್ಲಘಟ್ಟ_ರೇಷ್ಮೆಗೂಡು:

ನಮಸ್ಕಾರ. ನಾನು ಬೆಂಗ್ಳೂರಲ್ಲಿ ನೆಟ್‌ವರ್ಕ್ ಕೆಲ್ಸ ಮಾಡೋನು, ವಾರಕ್ಕೊಂದ್ ಸಲ ಊರಿಗೆ ಬಂದಾಗ ಬೀದಿಯೋರ್ದೆಲ್ಲ ರೂಟರ್ ನೋಡೋದೇ ಕೆಲ್ಸ, ಹಂಗಾಗಿ ಹೇಳ್ತೀನಿ. ಮಾಲೂರ್ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ.

ಡಬ್ಬದ ತಳದಲ್ಲೋ ಹಿಂದೆನೋ ಸ್ಟಿಕ್ಕರ್ ಇರ್ತದೆ, ಅದ್ರಲ್ಲಿ 192.168.1.1 ಅಥ್ವಾ 192.168.0.1 ಅಂತ ಅಡ್ರೆಸ್ಸು, ಒಳಗೋಗೋ ಯೂಸರ್ ನೇಮ್ ಪಾಸ್‌ವರ್ಡು ಬರ್ದಿರ್ತದೆ. ಫೋನ್ ಬ್ರೌಸರಲ್ಲಿ ಆ ನಂಬರ್ ಹೊಡೆದ್ರೆ ರೂಟರ್ ಪುಟ ತೆಕ್ಕೊಳ್ತದೆ. ವೈಫೈ ಅಥ್ವಾ ಡಬ್ಲ್ಯೂಲ್ಯಾನ್ ಅನ್ನೋ ಜಾಗಕ್ಕೆ ಹೋಗಿ.

ಮೊದಲ್ನೇ ಅನುಮಾನ ಸೆಕ್ಯುರಿಟಿ. ಹೊಸ ಡಬ್ಬಗಳು ಕೆಲವು ಡಬ್ಲ್ಯೂಪಿಎ3, ಅಂದ್ರೆ ವೈಫೈಗೆ ಬೀಗ ಹಾಕೋ ಹೊಸ ಪದ್ಧತಿ, ಅದ್ರ ಮೇಲೆ ಬರ್ತಾವೆ. ಅದು ಒಳ್ಳೇದೇ, ಆದ್ರೆ ಮೂರ್ನಾಲ್ಕ್ ವರ್ಷದ ಹಿಂದಿನ ಸ್ಪೀಕರು, ಬಲ್ಬು, ಕ್ಯಾಮ್ರಾ ಇವಕ್ಕೆ ಆ ಭಾಷೆ ಬರ್ದೇ ಇರ್ಬೋದು. ಬರೀ 3 ಅಂತಿದ್ರೆ ಡಬ್ಲ್ಯೂಪಿಎ2 ಎಇಎಸ್ ಅಂತ ಮಾಡಿ, ಇಲ್ಲ 2 ಮತ್ತು 3 ಮಿಕ್ಸ್ ಅಂತ ಇದ್ರೆ ಅದು. ಟಿಕೆಐಪಿ ಅನ್ನೋದನ್ನ ಮುಟ್ಬೇಡಿ, ಹಳೇ ಕಾಲದ್ದು. ಓಪನ್ ಅಂತೂ ಬೇಡ್ವೇ ಬೇಡ.

ಎರಡ್ನೇದು ಬ್ಯಾಂಡು. ಈಗಿನ ಡಬ್ಬ 2.4 ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಒಂದೇ ಹೆಸ್ರಲ್ಲಿ ಬಿಡ್ತದೆ, ಯಾವ ಸಾಮಾನು ಯಾವುದ್ರಲ್ಲಿ ಇರ್ಬೇಕು ಅಂತ ತಾನೇ ತೀರ್ಮಾನ ಮಾಡ್ತದೆ, ಸ್ಮಾರ್ಟ್ ಕನೆಕ್ಟ್ ಅಂತಲೋ ಬ್ಯಾಂಡ್ ಸ್ಟೀರಿಂಗ್ ಅಂತಲೋ ಬರ್ದಿರ್ತದೆ. ಫೋನು ಹೆಂಗೋ ನಿಭಾಯಿಸ್ತದೆ, ಕೆಲವು ಸ್ಪೀಕರ್ರು ಬಸ್‌ಸ್ಟ್ಯಾಂಡಲ್ಲಿ ಎರಡ್ ಬಸ್ ಒಟ್ಟಿಗೆ ಬಂದಾಗ ನಿಂತ್ಕೊಂಡ್ ನೋಡೋ ಅಜ್ಜಿ ಥರ, ಎರಡೂ ಹೋಗ್ಬಿಡ್ತಾವೆ. ಅದನ್ನ ಆಫ್ ಮಾಡಿ ಎರಡಕ್ಕೂ ಬೇರೆ ಬೇರೆ ಹೆಸ್ರಿಡಿ, ಸ್ಪೀಕರ್ನ 2.4ಕ್ಕೇ ಹಾಕಿ. 5 ಸ್ಪೀಡು, ಆದ್ರೆ ಗೋಡೆ ದಾಟೋದ್ರಲ್ಲಿ 2.4ಕ್ಕಿಂತ ವೀಕು. ವಚನ ಕೇಳಕ್ಕೆ ಸ್ಪೀಡ್ ಏನೂ ಬೇಡ.

ಆಮೇಲೆ ಚಾನೆಲ್ಲು, ಅಂದ್ರೆ ಬ್ಯಾಂಡ್ ಒಳಗಿನ ಸಾಲು, 2.4ರಲ್ಲಿ ಆಟೋ ತೆಗ್ದು 1, 6, 11 ಇದ್ರಲ್ಲಿ ಯಾವ್ದಾದ್ರೂ ಇಡಿ, 12, 13 ಬೇಡ, ಬೇರೆ ದೇಶದ ಲೆಕ್ಕಕ್ಕೆ ಮಾಡಿದ ಕೆಲವು ಸಾಮಾನಿಗೆ ಅವು ಕಾಣಿಸೋದೇ ಇಲ್ಲ. ಗೆಸ್ಟ್ ನೆಟ್‌ವರ್ಕಿಗೆ (ನೆಂಟ್ರಿಗೆ ಅಂತ ಬೇರೆ ಬಿಡೋ ವೈಫೈ) ಸ್ಪೀಕರ್ ಹಾಕ್ಬೇಡಿ, ಅದ್ರಲ್ಲಿ ಸಾಮಾನ್ಯವಾಗಿ ಒಂದ್ ಡಿವೈಸಿಗೆ ಇನ್ನೊಂದ್ ಡಿವೈಸ್ ಕಾಣಲ್ಲ.

ಇದೆಲ್ಲ ತಲೆನೋವು ಬೇಡ ಅಂದ್ರೆ ಸೋಮಾರಿ ದಾರಿ ಒಂದಿದೆ, ಹಳೇ ರೂಟರ್ದು ಹೆಸ್ರು ಪಾಸ್‌ವರ್ಡು ನೆನಪಿದ್ರೆ, ಕ್ಯಾಪಿಟಲ್ಲು ಸ್ಮಾಲು ಚುಕ್ಕೆ ಗೆರೆ ಸಮೇತ, ಹೊಸದಕ್ಕೂ ಅದನ್ನೇ ಇಟ್ಬಿಡಿ. ಸ್ಪೀಕರ್ರಿಗೆ ರೂಟರ್ ಬದ್ಲಾಗಿದ್ದೇ ಗೊತ್ತಾಗಲ್ಲ. ರೀಸೆಟ್ ಹೊಡೀಬೇಡಿ ಅಂತ ಅಣ್ಣ ಹೇಳಿದ್ದು ಇದಕ್ಕೂ ಸೇರಿ.


ಕ್ಯಾತ್ಸಂದ್ರ_ತಟ್ಟೆಇಡ್ಲಿ:

ಅಪ್ಪಾ ರಾತ್ರಿ ಹನ್ನೊಂದೂವರೆ ತನಕ ಕೂತಿದ್ದೆ. ಒಳಗೆ ಹೋದೆ. ಮಿಕ್ಸೇ ಇತ್ತು, ಆದ್ರೂ ಬರೀ 2 ಮಾಡಿದೆ. ಆಗ್ಲಿಲ್ಲ. ಸ್ಮಾರ್ಟ್ ಕನೆಕ್ಟ್ ಆಫ್ ಮಾಡಿದೆ, 2.4ಕ್ಕೆ "ಅಮ್ಮನ ಮನೆ", 5ಕ್ಕೆ "ಅಮ್ಮನ ಮನೆ 5" ಅಂತ ಇಟ್ಟೆ. ಆಗ್ಲಿಲ್ಲ. ಚಾನೆಲ್ 6 ಮಾಡಿದೆ, ರೂಟರ್ ಪಕ್ಕದಲ್ಲೇ ಸ್ಪೀಕರ್ ಇಟ್ಕೊಂಡು ಮಾಡಿದೆ, ಅದೇ ಗಿರಗಿರ, ಅದೇ ಆಗ್ಲಿಲ್ಲ. ಹಳೇ ಹೆಸ್ರು ನೆನಪಿಲ್ಲ, ಡಬ್ಬ ಜೊತೆ ಬಂದಿದ್ದನ್ನೇ ಬಿಟ್ಟಿದ್ವಿ, ಏನೋ ಇಂಗ್ಲೀಷ್ ಅಕ್ಷರ ನಂಬರ್ರು ಕಲಸುಮೇಲೋಗರ.

ಬೆಳಿಗ್ಗೆ ಅಮ್ಮ ಎದ್ದು "ರಾತ್ರಿಯೆಲ್ಲ ದೆವ್ವ ಮೆಟ್ಕೊಂಡಂಗೆ ಅದ್ರ ಮುಂದೆ ಕೂತಿದ್ಯಲ್ಲ, ನಂಗೆ ರೇಡಿಯೋನೇ ಸಾಕು ಬಿಡು" ಅಂದ್ರು. ಅದು ಬೈಗುಳಕ್ಕಿಂತ ಕೆಟ್ಟದು.


ಶಿಡ್ಲಘಟ್ಟ_ರೇಷ್ಮೆಗೂಡು:

ಒಂದ್ ನಿಮಿಷ. "ಅಮ್ಮನ ಮನೆ" ಅಂತ ಹೆಸ್ರಿಟ್ಟೆ ಅಂದ್ರಲ್ಲ. ಯಾವ ಅಕ್ಷರದಲ್ಲಿ?


ಕ್ಯಾತ್ಸಂದ್ರ_ತಟ್ಟೆಇಡ್ಲಿ:

ಕನ್ನಡದಲ್ಲೇ, ಇನ್ಯಾವುದ್ರಲ್ಲಿ. ಫೋನಲ್ಲಿ ಕನ್ನಡ ಕೀಬೋರ್ಡ್ ಇತ್ತು, ಹೊಡೆದೆ. ಪಕ್ಕದ ಮನೆಯೋರ್ ಫೋನಲ್ಲೆಲ್ಲ ಕನ್ನಡದಲ್ಲಿ ಚೆನ್ನಾಗ್ ಕಾಣಿಸ್ತದೆ, ಬೀದೀಲಿ ನಮ್ದೊಂದೇ ಹಂಗಿರೋದು. ಅಯ್ಯೋ. ಅದೇನಾ??


ಶಿಡ್ಲಘಟ್ಟ_ರೇಷ್ಮೆಗೂಡು:

ಅದೇ ಅನ್ಸ್ತದೆ ಸಾರ್. ಅಕ್ಕನ ಹಾಟ್‌ಸ್ಪಾಟಿಗೆ ಒಂದೇ ಸಲಕ್ಕೆ ಯಾಕ್ ಸೇರ್ಕೊಂಡ್ತು ಹೇಳಿ, ಅದ್ರ ಹೆಸ್ರು ಫೋನ್ ಮಾಡಲ್ ಹೆಸ್ರು, ಇಂಗ್ಲೀಷು. ನಾನು ಇದನ್ನ ಮೊದ್ಲೇ ಕೇಳ್ಬೇಕಿತ್ತು.

ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದು ಇಂಗ್ಲೀಷಲ್ಲಿ ಬರ್ಯೋರ್ಗೆ ಬರೋ ಸಮಸ್ಯೆನೇ ಅಲ್ಲ, ನಮಗೇ ಬರೋದು. ವೈಫೈ ಹೆಸ್ರಿಗೆ ನಿಯಮದ ಪ್ರಕಾರ 32 ಬೈಟ್ ಜಾಗ, ಬೈಟ್ ಅಂದ್ರೆ ಕಂಪ್ಯೂಟರಲ್ಲಿ ಜಾಗದ ಅಳತೆ. ಇಂಗ್ಲೀಷ್ ಅಕ್ಷರ ಒಂದಕ್ಕೆ 1 ಬೈಟು. ಕನ್ನಡದ್ದು ಒಂದೊಂದಕ್ಕೆ 3 ಬೈಟು, ಅದೂ ನಾವು ಅಕ್ಷರ ಅಂತ ಎಣಿಸೋ ಹಂಗಲ್ಲ, ಕಂಪ್ಯೂಟರ್ ಒತ್ತಕ್ಷರನ ಬಿಡಿಸಿ ಎಣಿಸ್ತದೆ. "ಮ್ಮ" ಅಂದ್ರೆ ಮ, ಅರ್ಧ ಮಾಡೋ ಗುರುತು, ಮತ್ತೆ ಮ, ಮೂರಾಯ್ತು, 9 ಬೈಟು. ಹಂಗೆ "ಅಮ್ಮನ ಮನೆ" ಲೆಕ್ಕ ಹಾಕಿದ್ರೆ ಅ, ಮ, ಗುರುತು, ಮ, ನ, ಆಮೇಲೆ ಖಾಲಿ ಜಾಗ, ಮ, ನ, ಎತ್ವ. ಎಂಟ್ ಮೂರ್ಲಿ 24, ಖಾಲಿ ಜಾಗಕ್ಕೆ 1, ಒಟ್ಟು 25. 32ರ ಒಳಗೇ ಐತೆ, ಅದಕ್ಕೇ ರೂಟರ್ ಒಪ್ಕೊಂಡಿದ್ದು. "ಶ್ರೀ ಸಿದ್ಧಗಂಗಾ" ಅಂತ ಇಟ್ಟಿದ್ರೆ ಹಿಡಿಸ್ತಾನೇ ಇರ್ಲಿಲ್ಲ.

ಜಾಗ ಹಿಡಿಸಿದ್ರೂ ಗೋಳು ಮುಗ್ಯಲ್ಲ. ಪಾಸ್‌ವರ್ಡ್ ಇದೆಯಲ್ಲ, ಡಬ್ಲ್ಯೂಪಿಎ2ನಲ್ಲಿ ಅದು ಹಂಗಂಗೇ ಬೀಗದ ಕೈ ಅಲ್ಲ. ಪಾಸ್‌ವರ್ಡೂ ವೈಫೈ ಹೆಸ್ರೂ ಎರಡನ್ನೂ ಸೇರ್ಸಿ 4096 ಸಲ ರುಬ್ಬಿ, ಆ ಹಿಟ್ಟಲ್ಲಿ 256 ಬಿಟ್ಟಿನ ಬೀಗದ ಕೈ ಮಾಡ್ತಾರೆ. ರೂಟರ್ ತನ್ ಕಡೆ ರುಬ್ಬಿ ಇಟ್ಕೊಂಡಿರ್ತದೆ, ಸ್ಪೀಕರ್ ತನ್ ಕಡೆ ರುಬ್ಬಬೇಕು, ಎರಡೂ ಒಂದೇ ಬಂದ್ರೆ ಬಾಗ್ಲು ತೆಕ್ಕೊಳ್ತದೆ. ಈಗ ಆ್ಯಪಿಂದ ಸ್ಪೀಕರ್ರಿಗೆ ಹೆಸ್ರು ದಾಟೋವಾಗ ಕನ್ನಡ ಬೈಟುಗಳಲ್ಲಿ ಒಂದೇ ಒಂದು ಆಚೀಚೆ ಆದ್ರೂ, ಪಾಸ್‌ವರ್ಡ್ ನೂರು ಸಲ ಸರಿ ಹಾಕಿದ್ರೂ ಕೈ ಕೂರಲ್ಲ. ಅಥ್ವಾ ಆ ಹೆಸ್ರಿನ ನೆಟ್‌ವರ್ಕೇ ಅದಕ್ಕೆ ಸಿಗಲ್ಲ. ನಿಮಗೆ ಕಾಣೋದು ಮಾತ್ರ ಒಂದೇ, ಆಗ್ಲಿಲ್ಲ ಮತ್ತೆ ಟ್ರೈ ಮಾಡಿ.

2.4 ಬ್ಯಾಂಡಿನ ಹೆಸ್ರನ್ನ ಇಂಗ್ಲೀಷ್ ಅಕ್ಷರಕ್ಕೆ ಬದ್ಲಾಯ್ಸಿ, ಖಾಲಿ ಜಾಗ ಬಿಡ್ದೆ. 5ಕ್ಕೆ ಕನ್ನಡ ಹೆಸ್ರು ಇರ್ಲಿ, ಫೋನು ಲ್ಯಾಪ್‌ಟಾಪು ಅದ್ರಲ್ಲಿರ್ಲಿ. ಎರಡೂ ಒಂದೇ ರೂಟರ್ದು, ಫೋನಿಂದ ಸ್ಪೀಕರ್ ಕಂಟ್ರೋಲ್ ಮಾಡಕ್ಕೆ ಏನೂ ತೊಂದ್ರೆ ಇಲ್ಲ.

ಮತ್ತೆ ಆ ಸುಟ್ಟ ಡಬ್ಬ ಬಿಸಾಕಿದ್ರಾ? ಡಬ್ಬ ಜೊತೆ ಬಂದ ಹೆಸ್ರನ್ನೇ ಬಿಟ್ಟಿದ್ರೆ ಅದೂ ಅದ್ರ ಪಾಸ್‌ವರ್ಡೂ ತಳದ ಸ್ಟಿಕ್ಕರಲ್ಲೇ ಇರ್ತದೆ.


ಗೌರಿಬಿದನೂರು_ಗೌಡ:

ಇದೊಳ್ಳೆ ಕತೆಯಾಯ್ತಲ್ಲ. ನಮ್ ಮನೆ ವೈಫೈಗೆ ನಮ್ ಭಾಷೇಲಿ ಹೆಸ್ರಿಟ್ರೆ ನಾವೇ ಬದ್ಲಾಯ್ಸ್ಕೊಬೇಕಾ? ಕಂಪ್ನಿಯೋರು ಸರಿ ಮಾಡ್ಬೇಕಾದ್ದು. ದುಡ್ಡು ತಗೊಳ್ವಾಗ ಕನ್ನಡದ ನೋಟು ಬೇಡ ಅಂತಾರಾ.


ಶಿಡ್ಲಘಟ್ಟ_ರೇಷ್ಮೆಗೂಡು:

ಗೌಡ್ರೇ ನಿಮ್ ಮಾತು ಸರಿಯಾಗೇ ಐತೆ. ವೈಫೈ ಸ್ಟ್ಯಾಂಡರ್ಡಿನ 2012ರ ಆವೃತ್ತೀಲೇ, ಈ ಹೆಸ್ರು ಯುಟಿಎಫ್8ನಲ್ಲಿದೆ, ಅಂದ್ರೆ ಯಾವ ಲಿಪಿಯಾದ್ರೂ ಆಗ್ಬೋದು, ಅಂತ ರೂಟರ್ ಹೇಳಕ್ಕೆ ಒಂದು ಗುರುತು ಕೊಟ್ಟವ್ರೆ. ಫೋನ್ ಮಾಡೋರು ಪಾಲಿಸ್ತಾರೆ. ಸಣ್ಣ ಸಾಮಾನು ಮಾಡೋರು ಎಲ್ರೂ ಟೆಸ್ಟ್ ಮಾಡಲ್ಲ ಅಷ್ಟೆ. ಆ್ಯಪಲ್ಲಿ ಫೀಡ್‌ಬ್ಯಾಕ್ ಅಂತ ಇರ್ತದೆ, ಅಲ್ಲಿ ಬರೀರಿ, ಕನ್ನಡದಲ್ಲೇ ಬರೀರಿ. ಆದ್ರೆ ಅವ್ರು ಸರಿ ಮಾಡೋ ತನಕ ಅಮ್ಮಂಗೆ ವಚನ ಬೇಡ್ವಾ.


ಚಿಂತಾಮಣಿ_ಫಿಸಿಕ್ಸ್‌ಮೇಡಂ:

ವೈಫೈ ಕತೆ ಚೆನ್ನಾಗಿ ಬಿಡಿಸಿದ್ರಿ, ನಾನೂ ಕಲಿತೆ. ಆದ್ರೆ ಆ ಡಿಜೆ ಹಾಡಿನ ವಿಚಾರಕ್ಕೆ ಯಾರೂ ಬರ್ಲಿಲ್ಲವಲ್ಲ, ಅದನ್ನ ನಾನ್ ಹೇಳ್ತೀನಿ.

ನಿಮ್ಮನೇಲಿ ಮೇಲ್ಗಡೆ ಬಾಡಿಗೆಗೆ ಯಾರಾದ್ರೂ ಇದ್ದಾರಾ? ಅಥ್ವಾ ಯಾವತ್ತಾದ್ರೂ ನೆಂಟರ ಹುಡುಗ್ರು ಬಂದು ಆ ಸ್ಪೀಕರ್ರಿಗೆ ಫೋನ್ ಪೇರ್ ಮಾಡಿದ್ರಾ? ಒಂದ್ ಸಲ ಪೇರ್ ಆದ ಫೋನ್ನ ಸ್ಪೀಕರ್ ಮರೆಯಲ್ಲ, ಫೋನೂ ಮರೆಯಲ್ಲ. ಆ ಫೋನಿನವನು ಹತ್ರ ಬಂದು ಬ್ಲೂಟೂತ್ ಆನ್ ಮಾಡಿದ್ರೆ ಎರಡೂ ಹಳೇ ಸ್ನೇಹಿತರ ಥರ ತಾವಾಗೇ ಕೈ ಕುಲುಕ್ತಾವೆ. ಸಾಮಾನ್ಯ ಫೋನು ಸ್ಪೀಕರ್ ನಡುವೆ ಬ್ಲೂಟೂತ್ 10 ಮೀಟರ್ ಅಂತ ಲೆಕ್ಕ, ಮೇಲ್ಮನೆ ಅಷ್ಟರೊಳಗೇ ಬಂತು. ಆ್ಯಪಲ್ಲಿ ಸ್ಪೀಕರ್ ಸೆಟ್ಟಿಂಗ್ಸ್, ಬ್ಲೂಟೂತ್ ಅಂತ ಹೋಗಿ, ಪಟ್ಟಿ ಇರ್ತದೆ, ನಿಮ್ದಲ್ಲದ್ದನ್ನೆಲ್ಲ ಫರ್ಗೆಟ್ ಕೊಡಿ. ಆ ಹುಡುಗನ ಫೋನಲ್ಲೂ ತೆಗೆಸಿ, ಒಂದ್ ಕಡೆ ಮಾತ್ರ ತೆಗೆದ್ರೆ ಇನ್ನೊಂದ್ ಕಡೆಯಿಂದ ತಟ್ಟುತ್ತಾನೇ ಇರ್ತದೆ. ನಿಮ್ ಫೋನಲ್ಲೂ ಒಂದ್ ಸಲ ಫರ್ಗೆಟ್ ಮಾಡಿ ಹೊಸದಾಗಿ ಪೇರ್ ಮಾಡಿ.

ಕಟ್ ಕಟ್ ಆಗೋದಕ್ಕೆ ಇನ್ನೊಂದು ಕಾರಣ ಇರ್ಬೋದು. ಸ್ಪೀಕರ್ ಎಲ್ಲಿಟ್ಟಿದ್ದೀರಿ? ಕ್ಯಾತ್ಸಂದ್ರದ ಹಳೇ ಮನೆ ಅಂದ್ರೆ ಕಲ್ಲು ಚಪ್ಪಡಿ ಇದ್ರೂ ಇರ್ಬೋದು. ನಮ್ ಚಿಂತಾಮಣಿ ಮನೇಲಿ ನಡುಮನೆ ಗೋಡೆ ಮೊಳ ದಪ್ಪ ಕಲ್ಲು ಮಣ್ಣಿಂದು, ಗೂಡಲ್ಲಿ ಸ್ಪೀಕರ್ ಇಟ್ರೆ ಅಡುಗೆಮನೆಗೆ ಹೋದ ಫೋನು ದಕ್ಕೋದೇ ಇಲ್ಲ. ಪಕ್ಕದಲ್ಲಿ ಕಬ್ಬಿಣದ ಬೀರು, ಸ್ಟೀಲ್ ಪಾತ್ರೆ ಸ್ಟ್ಯಾಂಡ್ ಇದ್ರಂತೂ ಅಲೆ ಅದಕ್ಕೆ ಬಡಿದು ವಾಪಸ್ ಬರ್ತದೆ. ಬ್ಲೂಟೂತೂ 2.4 ವೈಫೈನೂ ಓಡಾಡೋದು ಒಂದೇ ರಸ್ತೇಲಿ, 2400ರಿಂದ 2483.5 ಮೆಗಾಹರ್ಟ್ಸ್. ಬ್ಲೂಟೂತ್ ಹಾಡು ಕಳ್ಸೋವಾಗ ಆ ರಸ್ತೇನ 79 ಸಾಲು ಮಾಡ್ಕೊಂಡು ಸೆಕೆಂಡಿಗೆ 1600 ಸಲದ ತನಕ ಸಾಲು ಬದ್ಲಾಯಿಸ್ತಾ ತಪ್ಪಿಸ್ಕೊಂಡು ಹೋಗ್ತದೆ, ಅದಕ್ಕೇ ಇಷ್ಟು ಗದ್ದಲದಲ್ಲೂ ಕೆಲ್ಸ ಮಾಡ್ತಿರೋದು. ಮೈಕ್ರೋವೇವ್ ಓವನ್ ಕೂಡ ಅದೇ ರಸ್ತೆ, 2450ರ ಆಸುಪಾಸು. ನಾನು ಸಾರು ಬಿಸಿಗಿಟ್ಟಾಗೆಲ್ಲ ಪಕ್ಕದಲ್ಲಿರೋ ಸ್ಪೀಕರ್ ಬಿಕ್ಕಳಿಸ್ತದೆ, ಟಿಣ್ ಅಂದ ತಕ್ಷಣ ಸುಮ್ಮನಾಗ್ತದೆ. ಪಿಯುಸಿ ಮಕ್ಕಳಿಗೆ ಅಲೆಗಳ ಪಾಠ ಮಾಡೋವಾಗ ಇದನ್ನೇ ಹೇಳೋದು ನಾನು, ಪುಸ್ತಕದ ಚಿತ್ರಕ್ಕಿಂತ ಚೆನ್ನಾಗಿ ತಲೆಗೆ ಹೋಗ್ತದೆ.


ಕ್ಯಾತ್ಸಂದ್ರ_ತಟ್ಟೆಇಡ್ಲಿ:

ಭಾನುವಾರದ ವರದಿ.

ಮೇಡಂ ನಿಮಗೆ ದೊಡ್ಡ ನಮಸ್ಕಾರ, ಮೇಲ್ಗಡೆ ಇಂಜಿನಿಯರಿಂಗ್ ಓದೋ ಹುಡ್ಗ ಇದಾನೆ, ಹೋದ್ ವರ್ಷ ಅಮ್ಮನ ಹತ್ರ ಊಟಕ್ಕೆ ಬಂದಾಗ ಪೇರ್ ಮಾಡಿದ್ನಂತೆ. ವೈಫೈ ಸರಿ ಇದ್ದಾಗ ಸ್ಪೀಕರ್ ಪೂಜೆ ಗೂಡಲ್ಲಿ ಕಲ್ಲಿನ ಮಧ್ಯ ಇರ್ತಿತ್ತು, ಅವನಿಗೆ ಸಿಗ್ತಿರ್ಲಿಲ್ಲ, ನಾನು ರಿಪೇರಿ ಮಾಡಕ್ಕೆ ಅಂತ ಅಂಗಳದ ಕಿಟಕಿಗೆ ತಂದಿಟ್ಟೆ ನೋಡಿ, ಅವತ್ತೇ ಡಿಜೆ. ಅವನು ಮೇಲೆ ತನ್ ಇಯರ್‌ಫೋನಲ್ಲಿ ಹಾಡು ಬರ್ತಿಲ್ಲ ಅಂತ ಸೌಂಡ್ ಜಾಸ್ತಿ ಮಾಡ್ತಾ ಕೂತಿದ್ನಂತೆ. ಎರಡೂ ಕಡೆ ತೆಗೆದ್ವಿ. ಅಮ್ಮ ಅವನಿಗೆ ಬೈಲಿಲ್ಲ, ಉಪ್ಪಿಟ್ಟು ಕೊಟ್ಟು ಕಳಿಸಿದ್ರು. ಬೈಗುಳ ಎಲ್ಲ ನನ್ ಪಾಲಿಗೆ.

ಈಗ ವೈಫೈ. ಸುಟ್ಟ ಡಬ್ಬ ಅಮ್ಮ ಬಿಸಾಕಿರ್ಲಿಲ್ಲ, ಅವ್ರು ಏನನ್ನೂ ಬಿಸಾಕಲ್ಲ, ಗುಜರಿಯೋನಿಗೆ ಕೊಡಕ್ಕೆ ಅಂತ ಹಿತ್ತಲಲ್ಲಿ ಗೋಣಿಚೀಲದಲ್ಲಿತ್ತು, ಹಳೇ ಮಿಕ್ಸಿ ಜಾರು, ಮುರಿದ ಟೇಬಲ್ ಫ್ಯಾನಿನ ರೆಕ್ಕೆ ಇವುಗಳ ಕೆಳಗೆ. ಸ್ಟಿಕ್ಕರ್ ಅರ್ಧ ಕಂದೋಗಿತ್ತು, ಫೋನ್ ಟಾರ್ಚಲ್ಲಿ ಓರೆಯಾಗಿ ಹಿಡಿದ್ರೆ ಓದಕ್ಕಾಯ್ತು. ಒಂದ್ ಅಕ್ಷರ ಸೊನ್ನೆನೋ ಇಂಗ್ಲೀಷ್ ಓ ನೋ ಗೊತ್ತಾಗ್ಲಿಲ್ಲ, ಮೊದ್ಲು ಸೊನ್ನೆ ಹಾಕಿದೆ, ಏನೂ ಆಗ್ಲಿಲ್ಲ. ಆಮೇಲೆ ಓ ಹಾಕಿ 2.4ಕ್ಕೆ ಆ ಹೆಸ್ರು ಆ ಪಾಸ್‌ವರ್ಡು ಸೇವ್ ಕೊಟ್ಟೆ, ಡಬ್ಲ್ಯೂಪಿಎ2ನೇ ಇತ್ತು. ಆ್ಯಪ್ ತೆಗೆಯಣ ಅಂತ ಫೋನ್ ಎತ್ಕೊಂಡೆ ಅಷ್ಟೆ, ಸ್ಪೀಕರ್ ಲೈಟು ಒಂದ್ ಸಲ ನೀಲಿ ಸುತ್ತಿ ಆರ್ತು. ಆ್ಯಪಲ್ಲಿ ನೋಡಿದ್ರೆ ಆನ್‌ಲೈನ್! ಅಲಾರಂ ಎಲ್ಲ ಹಂಗೇ ಐತೆ. ಗೌಡ್ರ ಮಾತ್ ಕೇಳಿ ರೀಸೆಟ್ ಹೊಡೆದಿದ್ರೆ ಇದು ಆಗ್ತಿರ್ಲಿಲ್ಲ (ಗೌಡ್ರೇ ಬೇಜಾರ್ ಮಾಡ್ಕೊಬೇಡಿ).

ಇನ್ನೊಂದ್ ತಮಾಷೆ, ಅದೇ ಹೊತ್ತಿಗೆ ಜಗುಲಿ ಕಡೆಯಿಂದ ಅಮ್ಮ "ಲೋ ಈ ಲೈಟ್ ಯಾಕೋ ತಾನಾಗೇ ಹತ್ತ್ಕೊಂತು" ಅಂತ ಕೂಗಿದ್ರು. ಹೋದ್ ವರ್ಷ ಹಾಕ್ಸಿದ ಸ್ಮಾರ್ಟ್ ಬಲ್ಬು. ಸಂಜೆ ಆರೂಕಾಲಿಗೆ ಹತ್ತ್ಕೊಳ್ಳೋ ಟೈಮಿಂಗ್ ಹಾಕಿದ್ದು ನನಗೇ ಮರ್ತೋಗಿತ್ತು, ಅದು ಕೆಟ್ಟೋಗಿದೆ ಅಂತ ವಾರದಿಂದ ಸುಮ್ನೆ ಬಿಟ್ಬಿಟ್ಟಿದ್ವಿ.

5ರಲ್ಲಿ "ಅಮ್ಮನ ಮನೆ 5" ಹಂಗೇ ಬಿಟ್ಟಿದೀನಿ, ಕನ್ನಡದಲ್ಲಿ. ಪಕ್ಕದ ಮನೆಯೋರಿಗೆ ಕಾಣಿಸ್ತಾ ಇರ್ಲಿ. ಸ್ಪೀಕರ್ ವಾಪಸ್ ಪೂಜೆ ಗೂಡಿಗೇ ಹೋಯ್ತು, 2.4 ಅಲ್ಲಿಗೂ ತಲುಪ್ತದೆ. ಹಾಗೇ ರೂಟರ್ರಿಗೆ ಒಂದು ಸಣ್ಣ 12 ವೋಲ್ಟ್ ಯುಪಿಎಸ್ಸೂ ತಗೊಂಡೆ, ಗುಡುಗು ಬಂದ್ರೆ ಎಲ್ಲ ಪ್ಲಗ್ ಕೀಳೋದು ಅಂತ ಮನೇಲಿ ಕಾನೂನೂ ಆಗಿದೆ.


ಮಾಲೂರು_ಮೊಬೈಲ್‌ರಿಪೇರಿ:

ಸೂಪರ್ ಅಣ್ಣ. ಸಿಡಿಲು ಬರೀ ಕರೆಂಟ್ ವೈರಲ್ಲೇ ಬರಲ್ಲ, ತಾಮ್ರದ ಕೇಬಲ್ ಯಾವ್ದಿದ್ರೂ ಬರ್ತದೆ, ಟೀವಿ ಡಿಶ್ ವೈರೂ ಕೀಳಿ. ಫೈಬರ್ ದಾರ ಗಾಜಿಂದು, ಅದ್ರಲ್ಲಿ ಹರಿಯಲ್ಲ, ಅದನ್ನ ಕೀಳಕ್ಕೆ ಹೋಗ್ಬೇಡಿ, ಬಗ್ಗಿಸಿದ್ರೆ ಮುರಿದೋಗ್ತದೆ, ಆಮೇಲೆ ಫೈಬರ್ ಹುಡ್ಗನ ಕಾಲ್ ಹಿಡೀಬೇಕಾಗ್ತದೆ.


ಬಾಗೇಪಲ್ಲಿ_ಬಾಬು:

ಇವತ್ತು ಇದನ್ನ ಪೂರ್ತಿ ಓದಿ ಎದ್ದು ನಮ್ ರೂಟರ್ ಹತ್ರ ಹೋದೆ. ನಮ್ದು ಆಂಧ್ರ ಗಡಿ, ಮನೇಲಿ ತೆಲುಗು, ನಮ್ ತಾತನ ಹೆಸ್ರನ್ನ ವೈಫೈಗೆ ತೆಲುಗಲ್ಲಿ ಇಟ್ಟಿದ್ದು ನಾನೇ. ಆರ್ ತಿಂಗ್ಳಿಂದ ಸಿಸಿ ಕ್ಯಾಮ್ರಾ ಕನೆಕ್ಟ್ ಆಗ್ತಿಲ್ಲ ಅಂತ ಎರಡ್ ಸಲ ಕ್ಯಾಮ್ರಾನೇ ಬದ್ಲಾಯ್ಸಿದೀನಿ.


ಶಿಡ್ಲಘಟ್ಟ_ರೇಷ್ಮೆಗೂಡು:

ತೆಲುಗೂ ಅಕ್ಷರಕ್ಕೆ 3 ಬೈಟೇ ಬಾಬು. ಹಳೇ ಕ್ಯಾಮ್ರಾ ಎರಡೂ ಇಟ್ಟಿದ್ದೀರಾ, ಮಾರ್ಬಿಟ್ರಾ?


ಬಾಗೇಪಲ್ಲಿ_ಬಾಬು:

ಒಂದು ಭಾವನಿಗೆ ಕೊಟ್ಟೆ. ಅವ್ರ ಮನೇಲಿ ಮೊದಲ್ನೇ ದಿನಾನೇ ಕೆಲ್ಸ ಮಾಡ್ತು ಅಂದಾಗ ನಾನು ನಂಬ್ಲಿಲ್ಲ.